ಕೊಟ್ಟಿಗೆಗೆ ಜೋಡಿಸಿದ ಖಾತೆ

ಸ್ನೇಹಿತರೇ, ಇವತ್ತು ಬೆಳಿಗ್ಗೆ ಗುತ್ತಲಿನ ಮನೆಯಲ್ಲಿ ಕೂತು ಹಾಡಿನ ಆ್ಯಪ್ ತೆರೆದರೆ, ನನ್ನ ಖಾತೆಯಲ್ಲಿ ಬೇರೆ ಯಾವುದೋ ಸ್ಪೀಕರ್ ನಾದಸ್ವರ ನುಡಿಸುತ್ತಿತ್ತು. ಯಾರೋ ಕದ್ದು ಕೇಳುತ್ತಿದ್ದಾರೆಂದು ರೇಗಿ, ಇಲ್ಲಿಂದಲೇ ನಿಲ್ಲಿಸಿಬಿಟ್ಟೆ.

ತಕ್ಷಣ ಪೂರಿಗಾಲಿಯಿಂದ ಅಕ್ಕನ ಫೋನು. "ಲೋ, ನೀ ಕೊಟ್ಟ ಸ್ಪೀಕರ್ ಕೊಟ್ಟಿಗೇಲಿ ಮಡಗಿದ್ದೆ ಕಣ್ಲಾ. ಹಾಡು ನಿಂತೋಯ್ತು, ಗೌರಿ ಹಸ ಹಾಲು ಬುಡ್ತಿಲ್ಲ. ಡೈರಿ ಮುಚ್ಚೋ ಹೊತ್ತಾಯ್ತು."

ಹಬ್ಬಕ್ಕೆ ಕೊಟ್ಟಾಗ ಅದಕ್ಕೆ ನನ್ನ ಖಾತೆಯನ್ನೇ ಜೋಡಿಸಿದ್ದೆ. ಆ್ಯಪಿನಲ್ಲಿ ಮತ್ತೆ ಪ್ಲೇ ಒತ್ತಿದೆ. ಫೋನಿನಲ್ಲಿ ಮೊದಲು ನಾದಸ್ವರ ಕೇಳಿತು, ಆಮೇಲೆ ಬಕೆಟ್ಟಿಗೆ ಹಾಲು ಬೀಳುವ ಸದ್ದು. ಇಲ್ಲಿ ನನ್ನ ಹೆಬ್ಬೆರಳು, ಅಲ್ಲಿ ಗೌರಿಯ ಕೆಚ್ಚಲು.

"ಪಾಸ್‌ವರ್ಡ್ ಬದಲಾಯಿಸ್ಬೇಕು ಅಂತಿದ್ದೆ ಅಕ್ಕ."

"ಗೌರಿ ಹಾಲು ಬತ್ತೋ ಗಂಟ ಸುಮ್ಕಿರ್ಲಾ."

ಪಾಸ್‌ವರ್ಡ್ ಹಾಗೇ ಬಿಟ್ಟಿದ್ದೇನೆ. ಹಾಲು ಕರೆಯುವ ಹೊತ್ತಿನಲ್ಲಿ ನನ್ನ ಖಾತೆ ನನ್ನದಲ್ಲ.