ಅಪ್ಪನ ರೆಕ್ಕೆಗಾಡಿ

ಆಗ ಕೆಂಪಾಪುರದಲ್ಲಿ ಇನ್ನೂ ರಾಗಿ ಹೊಲಗಳಿದ್ದವು, ನಮ್ಮಪ್ಪನಿಗೆ ತಲೆತುಂಬ ಕೂದಲಿತ್ತು. ಮನೆ ಪಕ್ಕದ ಶೆಡ್ಡಿನಲ್ಲಿ ಬೈಕ್ ರಿಪೇರಿ ಮಾಡುತ್ತಿದ್ದ ಅಪ್ಪ ಬಿಡುವಾದಾಗಲೆಲ್ಲ ಒಂದು ವಿಚಿತ್ರವನ್ನು ಕಟ್ಟುತ್ತಿದ್ದರು. ಸ್ಕೂಟರಿನ ಹ್ಯಾಂಡಲ್, ಆಟೋದ ಮೂರು ಚಕ್ರ, ಹಿಂದೆ ಮರದ ಫ್ಯಾನು, ಅಕ್ಕಪಕ್ಕ ಮಡಚುವ ಬಟ್ಟೆಯ ರೆಕ್ಕೆ. ರಸ್ತೆಯಲ್ಲಿ ಓಡಬೇಕು, ಬೇಕೆಂದಾಗ ಹಾರಬೇಕು! ಶಾಲೆ ಬಿಟ್ಟೊಡನೆ ನಾನು ಆ ಪೆಟ್ರೋಲು, ವಾರ್ನಿಷ್ ವಾಸನೆಯಲ್ಲಿ ಕೂತು ಬಾಯಲ್ಲೇ ‘ಬುರ್ರ್’ ಎಂದು ಹಾರುತ್ತಿದ್ದೆ. ದಸರಾ ಹಬ್ಬ ಮುಗಿದ ಮೇಲೆ ಹೆಸರಘಟ್ಟದ ಹುಲ್ಲುಗಾವಲಿಗೆ ಒಯ್ದು ನಿಜವಾಗಿ ಹಾರಿಸುವುದೆಂದಿತ್ತು.

ಆಯುಧಪೂಜೆಯ ದಿನ ಅಜ್ಜಿ ರೆಕ್ಕೆಗೆ ಬಾಳೆಕಂದು ಕಟ್ಟಿ, ಚಕ್ರದಡಿ ನಿಂಬೆಹಣ್ಣಿಟ್ಟು, ಬೂದುಗುಂಬಳ ಒಡೆಸಿದಳು. ನಮ್ಮ ಕೈಗೆಲ್ಲ ಕಡಲೆಪುರಿ ಬಂತು.

“ನಡೀಲಾ, ಒಂದ್ ರೌಂಡ್ ಒಡ್ಕೊಂಡ್ ಬಾ,” ಎಂದಳು ಅಪ್ಪನಿಗೆ.

“ಬೇಡಮ್ಮ, ಇದಕ್ಕಿನ್ನೂ ಕಾಗದಪತ್ರ ಏನೂ ಇಲ್ಲ.”

“ಪೂಜೆ ಆದ್ ಗಾಡಿ ನಿಂತಲ್ಲೇ ನಿಂತ್ರೆ ಒಳ್ಳೇದಾಯ್ತದಾ? ಇಂಗೋಗಿ ಅಂಗ್ ಬಾ.”

ಹಬ್ಬದ ದಿನ ತಾಯಿಯ ಮಾತು ಮೀರುವುದುಂಟೆ? ನಿಂಬೆಹಣ್ಣು ಪಚಕ್ಕೆಂದಿತು. ಹಿಂದೆ ನಾನು ಕೂತಿದ್ದೆ. ಹೆಬ್ಬಾಳದ ಹತ್ತಿರ ಪೊಲೀಸರು ಕೈ ಅಡ್ಡ ಹಿಡಿದರು.

“ಏನ್ರೀ ಇದು? ಗಾಡೀನಾ, ವಿಮಾನಾನಾ?”

“ಎರಡೂನೂ ಸಾರ್,” ಎಂದರು ಅಪ್ಪ, ಹೆಮ್ಮೆಯಿಂದ. ಅಯ್ಯೋ, ಯಾವುದಾದರೂ ಒಂದು ಹೇಳಬಾರದಿತ್ತೇ!

ಗಾಡಿಯನ್ನು ಠಾಣೆಯ ಅಂಗಳಕ್ಕೆ ಎಳೆದೊಯ್ದರು. ಕಾಗದ ತಂದರೆ ಬಿಡುತ್ತೇವೆ ಎಂದರು. ವಾಹನದ ಕಚೇರಿಯವರು, “ರೆಕ್ಕೆ ಇದೆಯಲ್ರೀ, ಇದು ನಮ್ಮ ಲೆಕ್ಕಕ್ಕೆ ಬರಲ್ಲ” ಎಂದರು. ವಿಮಾನದ ಕಚೇರಿಯವರು, “ಸ್ಕೂಟರ್ ಹ್ಯಾಂಡಲ್ ಇರೋ ವಿಮಾನ ಎಲ್ಲಿದೆ ಸ್ವಾಮಿ?” ಎಂದು ನಕ್ಕರು. ಅಪ್ಪ ಅಲೆದೂ ಅಲೆದೂ ಚಪ್ಪಲಿ ಸವೆಸಿದರು. ಭಾನುವಾರ ನಾವಿಬ್ಬರೂ ಕಾಂಪೌಂಡಿನಾಚೆಯಿಂದ ಅದನ್ನು ನೋಡಿ ಬರುತ್ತಿದ್ದೆವು. ಮಳೆಗೆ ರೆಕ್ಕೆ ಹರಿಯಿತು. ಸಣ್ಣ ಹುಡುಗಿ, ನಾನೇನು ಮಾಡಲಿ?

ಕೊನೆಗೆ ಇನ್‌ಸ್ಪೆಕ್ಟರೇ ಮರುಗಿ, “ರೆಕ್ಕೆ ಬಿಚ್ಚಿಬಿಡಿ, ಬರೀ ಗಾಡಿ ಅಂತ ಬರ್ಕೊಂಡು ಕೊಟ್ಬಿಡ್ತೀನಿ” ಎಂದರು. ಅಪ್ಪ ಸ್ಪ್ಯಾನರ್ ಹಿಡಿದು ಹೋದರು. ಬೋಲ್ಟಿಗೆ ಸ್ಪ್ಯಾನರ್ ಇಟ್ಟು ಬಹಳ ಹೊತ್ತು ನಿಂತರು, ಆಮೇಲೆ ಹಾಗೇ ಹಿಂದಿರುಗಿದರು. ಮುಂದಿನ ಬೇಸಿಗೆಯಲ್ಲಿ ಅದು ಗುಜರಿಗೆ ಹೋಯಿತು. “ನನ್ ನಾಲ್ಗೆ ಸೇದೋಗ,” ಎಂದು ಅಜ್ಜಿ ಸಾಯುವತನಕ ತನ್ನನ್ನೇ ಬೈದುಕೊಂಡಳು.

ಈಗ ಆ ಹೊಲಗಳಿಲ್ಲ, ಶೆಡ್ ಇದ್ದಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ. ಇವಕ್ಕೆಲ್ಲ ನಾನು ಅಳುವವಳಲ್ಲ. ಮೊನ್ನೆ ಯಲಹಂಕದ ವಿಮಾನ ಪ್ರದರ್ಶನದಲ್ಲಿ ರಸ್ತೆಯ ಮೇಲೂ ಓಡುವ, ಆಕಾಶದಲ್ಲೂ ಹಾರುವ ಕಾರೊಂದನ್ನು ಇಟ್ಟಿದ್ದರು. ಓಡೋಡಿ ಬಂದು ಅಪ್ಪನಿಗೆ ಫೋನಿನಲ್ಲಿ ಫೋಟೊ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು.

“ಚೆನ್ನಾಗಿದೆ. ಇದನ್ನ ಯಾವ ಆಫೀಸಲ್ಲಿ ಒಪ್ಕೊಂಡ್ರಂತಮ್ಮ?”

ಅದು ಹಾರುತ್ತದಾ ಎಂದು ಅವರು ಕೇಳಲೇ ಇಲ್ಲ.