ಮಾವನವರೂ ಟಿವಿ ಗೇಮೂ

ಹಳೆಯ ಕಾಲದ ಒಂದು ವಿಡಿಯೋ ಗೇಮ್ ಯಂತ್ರದಲ್ಲಿ ಆಡುತ್ತಿದ್ದ, ಜಗತ್ತಿನಲ್ಲೇ ಅತಿ ಹೆಚ್ಚು ಮಾರಾಟವಾದ ಆಟಗಳ ಬಗ್ಗೆ ಮೊಬೈಲಿನಲ್ಲಿ ಓದುತ್ತಿದ್ದಾಗ ನನ್ನ ಎದೆ ಅಕಾರಣವಾಗಿ ಉಬ್ಬಿತು. ಅವುಗಳಲ್ಲಿ ಬಹುಪಾಲನ್ನು ನಾನು ಬಾಲ್ಯದಲ್ಲೇ ಆಡಿದ್ದೆ. ಲೋಕ ಮೆಚ್ಚಿದ್ದನ್ನು ನಮ್ಮೂರು ಬೇತಮಂಗಲದಲ್ಲಿ ಕೂತು ನಾನೂ ಮೆಚ್ಚಿದ್ದೆನಲ್ಲ ಎಂಬ ಹೆಮ್ಮೆ ಒಂದು ಲೋಟ ಕಾಫಿ ಮುಗಿಯುವ ತನಕ ಬಾಳಿತು. ಆಮೇಲೆ, ಅವುಗಳಲ್ಲಿ ಒಂದನ್ನಾದರೂ ಕೊನೆ ಮುಟ್ಟಿಸಿದ್ದೆನೇ ಎಂದು ನನ್ನನ್ನೇ ಕೇಳಿಕೊಂಡೆ. ಇಲ್ಲ. ತಿಳಿದವರು ಆ ಯಂತ್ರಕ್ಕೆ ‘ಕನ್ಸೋಲ್’ ಎನ್ನುತ್ತಾರೆ. ಕನ್ನಡದ ಕಿವಿಗೆ ಆ ಹೆಸರಿನ ಬಾಲದಲ್ಲೇ ಸೋಲು ಕೇಳಿಸುತ್ತದೆ.

ನಮ್ಮ ಪಾಲಿಗೆ ಅದು ಟಿವಿ ಗೇಮ್. ಚಿಕ್ಕಪ್ಪ ರಾಬರ್ಟ್‌ಸನ್‌ಪೇಟೆಯಿಂದ ತಂದದ್ದು ಅಸಲಿಯಲ್ಲ, ಅಸಲಿಯ ದೂರದ ಸಂಬಂಧಿ. ಆಟಗಳನ್ನು ತುಂಬಿದ ಪ್ಲಾಸ್ಟಿಕ್ ಡಬ್ಬಿಗೆ ನಾವೆಲ್ಲ ಕ್ಯಾಸೆಟ್ ಎನ್ನುತ್ತಿದ್ದೆವು. ಅದರ ಮೇಲಿನ ಚೀಟಿ ಸಾವಿರಾರು ಆಟಗಳ ವಾಗ್ದಾನ ಮಾಡುತ್ತಿತ್ತು. ಒಳಗೆ ನೋಡಿದರೆ ಮೀಸೆಯವನು ಜಿಗಿಯುವ ಆಟ, ಬಾತುಕೋಳಿ ಹೊಡೆಯುವ ಆಟ, ಇಬ್ಬರು ಸಿಪಾಯಿಗಳು ಕಾಡಿನಲ್ಲಿ ಗುಂಡು ಹಾರಿಸುತ್ತ ಓಡುವ ಆಟ, ಮತ್ತೆ ಅವೇ ಬೇರೆ ಬೇರೆ ಹೆಸರಿನಲ್ಲಿ. ಪುನರುಕ್ತಿ ಎಂಬ ಕಾವ್ಯದೋಷವನ್ನು ನಾನು ಮೊದಲು ಅರಿತದ್ದು ಆ ಕ್ಯಾಸೆಟ್ಟಿನಿಂದ. ಮುಂದೆ ಕನ್ನಡ ಮೇಷ್ಟ್ರಾಗಿ ಅದೇ ದೋಷದಿಂದ ಹೊಟ್ಟೆ ಹೊರೆಯುತ್ತೇನೆಂದು ಆಗ ತಿಳಿದಿರಲಿಲ್ಲ.

ಆಟಗಳ ಬಗ್ಗೆ ಓದಿದ ಆ ಭಾನುವಾರವೇ ಆ ಯಂತ್ರ ಹುಡುಕಿ ನಾನು ಅಟ್ಟ ಹತ್ತಿದ್ದು ಬರೀ ಹಳೆಯ ಮೋಹದಿಂದಲೋ, ಮನೆಯ ಮೌನ ತಾಳಲಾರದೆಯೋ, ಹೇಳಲಾರೆ. ಬಂಗಾರಪೇಟೆಯ ನಮ್ಮ ಮನೆಯಲ್ಲಿ ನನ್ನ ಮಾವ ಮುನಿಸ್ವಾಮಿಯವರು ಬಂದು ನೆಲೆಸಿ ಕೆಲವು ತಿಂಗಳಾಗಿತ್ತು. ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿಯಲ್ಲಿ, ಅದು ಮುಚ್ಚುವ ತನಕ ಭೂಮಿಯೊಳಗೆ ಇಳಿದು ದುಡಿದವರು. ಅತ್ತೆ ತೀರಿಕೊಂಡ ಮೇಲೆ ನನ್ನ ಹೆಂಡತಿ ಸೆಲ್ವಿ ಹಟಮಾಡಿ ಕರೆದುಕೊಂಡು ಬಂದಿದ್ದಳು. ಬಂದವರು ನಡುಮನೆಯ ಮಂಚದ ಮೇಲೆ ಗೋಡೆಗೆ ಮುಖಮಾಡಿ ಮಲಗಿದರು. ಗಣಿಯ ಹಳೆಯ ಜೊತೆಗಾರ ವೆಂಕಟಯ್ಯ ಎಷ್ಟು ಸಲ ಫೋನ್ ಮಾಡಿದರೂ ಎತ್ತಲಿಲ್ಲ. “ಊಟ ಆಯ್ತಾ ಮಾವ?” ಎಂದರೆ “ಆಯ್ತು” ಎನ್ನುವುದೇ ನಮ್ಮಿಬ್ಬರ ಸಮಗ್ರ ಸಂಭಾಷಣೆ. ಅದೂ ಬಹಳ ಸಲ ಸುಳ್ಳು. ತಟ್ಟೆ ಹಾಗೇ ವಾಪಸಾಗಿರುತ್ತಿತ್ತು.

“ಅಪ್ಪ ಹಿಂಗೇ ಇದ್ರೆ ಉಳಿಯಲ್ಲ ರೀ,” ಎಂದು ಸೆಲ್ವಿ ಒಲೆಯ ಮುಂದೆ ನಿಂತು ಕಣ್ಣೊರೆಸಿಕೊಂಡಿದ್ದಳು. ತರಗತಿಯಲ್ಲಿ ಮಾತಾಡಿಯೇ ಸಂಬಳ ಎಣಿಸುವ ನನಗೆ ಆ ಮನುಷ್ಯನ ಬಾಯಿಂದ ಇನ್ನೊಂದು ಪದ ಹೊರಡಿಸಲಾಗಿರಲಿಲ್ಲ.

ಅಟ್ಟದಿಂದ ಇಳಿಸಿದ ಯಂತ್ರದ ಧೂಳು ಒರೆಸಿ ನಡುಮನೆಯ ಟಿವಿಗೆ ತಂತಿ ಚುಚ್ಚಿದೆ. ಆಶ್ಚರ್ಯವೆಂದರೆ ಅದು ಬದುಕಿತ್ತು. ನನ್ನ ಮೀಸೆಯ ವೀರ ಮೊದಲನೆಯ ಹಳ್ಳಕ್ಕೇ ಬಿದ್ದ. ಮತ್ತೆ ಹುಟ್ಟಿಸಿದೆ, ಮತ್ತೆ ಅಲ್ಲಿಗೇ ಬಿದ್ದ. ಇಷ್ಟು ವರ್ಷಗಳ ವ್ಯಾಕರಣ ಬೋಧನೆಯಿಂದ ಹೆಬ್ಬೆರಳಿಗೆ ಏನೂ ಪ್ರಯೋಜನವಾಗಿರಲಿಲ್ಲ. ಕೊನೆಗೆ ಹೇಗೋ ಒಂದು ಕೊಳವೆಯೊಳಗೆ ಇಳಿದು, ಹಳದಿ ನಾಣ್ಯಗಳು ತೇಲುವ ನೆಲದಡಿಯ ಕೋಣೆಯನ್ನು ಸೇರಿದೆ.

“ತಲೆ ಮೇಲೆ ಲೈಟ್ ಎಲ್ಲಿ ಇವ್ನಿಗೆ?”

ತಿರುಗಿ ನೋಡಿದೆ. ಮಾವ ಎದ್ದು ಕೂತಿದ್ದರು.

“ಲೈಟಿಲ್ದೆ ಒಳಗೆ ಬಿಟ್ಟೋನು ಯಾರು? ಹಿಂಗೆ ಕಣ್ಮುಂದೇ ಚಿನ್ನ ನೇತಾಡ್ತಿದ್ರೆ ನಾವ್ ಯಾಕೆ ಮಾಪ್ಳೆ ಅಷ್ಟು ಆಳಕ್ಕೆ ಓಗ್ಬೇಕಿತ್ತು?”

ಮಾಪ್ಳೆ ಎಂದರೆ ಅವರ ತಮಿಳಿನಲ್ಲಿ ಅಳಿಯ. ಸೆಲ್ವಿ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಳು.

“ಜೊತೆಗಾರ ಎಲ್ಲಿ?” ಮಾವ ಮತ್ತೆ ಕೇಳಿದರು.

“ಇವ್ನು ಒಬ್ನೇ ಮಾವ.”

“ಒಬ್ನೇನಾ? ಒಳಗೆ ಒಬ್ನೇ ಇಳೀಬಾರ್ದು. ಬಂದ್ ಮಾಡು ಅದನ್ನ.”

ಬಂದ್ ಮಾಡಿ ಸಿಪಾಯಿಗಳ ಆಟ ಹಾಕಿದೆ. ಅದರಲ್ಲಿ ಇಬ್ಬರೂ ಒಟ್ಟಿಗೇ ಹೊರಡಬಹುದು. ಎರಡನೆಯ ರಿಮೋಟನ್ನು ಅವರ ಕೈಗಿತ್ತೆ. ಹಾರೆ ಹಿಡಿದಂತೆ ಅದನ್ನು ಹಿಡಿದುಕೊಂಡರು. ಆ ಆಟದ ಒಂದು ವಿಶೇಷವೆಂದರೆ, ಒಬ್ಬ ಹಿಂದೆ ಉಳಿದರೆ ಪರದೆ ಮುಂದಕ್ಕೆ ಸರಿಯುವುದಿಲ್ಲ. ನಾನು ಪೌರುಷ ತೋರಿಸಲು ಮುಂದೆ ನುಗ್ಗಿ ಪರದೆಯ ಅಂಚಿಗೆ ಸಿಕ್ಕಿಕೊಂಡು ಸತ್ತೆ. ಅವರು ನಿಂತಲ್ಲೇ ನಿಂತು, ಸುತ್ತ ನೋಡಿ, ಒಂದು ಹೆಜ್ಜೆ ಇಟ್ಟರು. “ಅವಸರ ಯಾಕೆ? ಇರು, ನಾನೂ ಬತ್ತೀನಿ,” ಎಂದರು. ನಾನು ಕಾಯಲಿಲ್ಲ; ಮತ್ತೆ ಸತ್ತೆ.

ಅಂದಿನಿಂದ ದಿನವೂ ನಾನು ಶಾಲೆಯಿಂದ ಬರುವುದನ್ನೇ ಕಾಯುವವರೊಬ್ಬರು ಮನೆಯಲ್ಲಿದ್ದರು. ಆಟದ ನಡುನಡುವೆ ಅವರಿಗೆ ಮಾತು ಬಂತು, ಮಾತಿನ ಹಿಂದೆ ಹಸಿವೂ ಬಂತು. ರಸಕ್ಕೆ ಮೆಣಸು ಸಾಲದೆಂದು ಮಗಳನ್ನು ಗದರಿದ ದಿನ ಸೆಲ್ವಿ ಹಬ್ಬದ ಅಡುಗೆಯನ್ನೇ ಮಾಡಿದಳು. ಗಣಿಯೊಳಗೆ ಇಳಿಸುವ ಕಬ್ಬಿಣದ ಪಂಜರದಲ್ಲಿ ವೆಂಕಟಯ್ಯನ ಭುಜಕ್ಕೆ ಭುಜ ಒತ್ತಿ ನಿಲ್ಲುತ್ತಿದ್ದುದು, ಬಂಡೆ ಸಿಡಿದು ದಾರಿ ಮುಚ್ಚಿದಾಗ ಕತ್ತಲಲ್ಲಿ ಒಬ್ಬರ ಹೆಸರನ್ನೊಬ್ಬರು ಕೂಗುತ್ತ ಇದ್ದುದು, ಎಲ್ಲವನ್ನೂ ಹೇಳಿದರು. ಹೀಗೆ ಕೇಳುತ್ತಲೇ ಒಂದು ಸಂಜೆ ನಾನು ಅಭ್ಯಾಸಬಲದಿಂದ ಮತ್ತೆ ಮುಂದೆ ನುಗ್ಗಿ ಸತ್ತಾಗ ಮಾವ ರಿಮೋಟನ್ನು ಕೆಳಗಿಟ್ಟರು.

“ನಿನ್ಗೆ ಮಾತು ಬರುತ್ತೆ ಮಾಪ್ಳೆ, ಆಟ ಬರಲ್ಲ. ನಾಳೆ ಇದನ್ನ ಚೀಲಕ್ಕೆ ಹಾಕು, ವೆಂಕಟಯ್ಯನ ಮನೆಗೆ ಓಗೋಣ.”

ಬಸ್ಸಿನಲ್ಲಿ ಅವರು ಪ್ರತಿ ನಿಲ್ದಾಣದಲ್ಲೂ ಇಳಿಯಲು ಏಳುತ್ತಿದ್ದರು, ಮತ್ತೆ ಕೂರುತ್ತಿದ್ದರು. ಅಷ್ಟು ತಿಂಗಳು ಫೋನೆತ್ತದವನನ್ನು ಗೆಳೆಯ ಒಳಗೆ ಕರೆಯುತ್ತಾನೋ ಇಲ್ಲವೋ ಎಂಬ ಭಯ ಅವರಿಗೆ. ಚಾಂಪಿಯನ್ ರೀಫ್ಸ್‌ನ ಸಾಲುಮನೆಗಳಲ್ಲೊಂದರ ಬಾಗಿಲಲ್ಲಿ ಬನಿಯನ್ ತೊಟ್ಟ ಮುದುಕರೊಬ್ಬರು ಕೂತಿದ್ದರು. ಮಾವನವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಏನ್ಲಾ ಮುನಿಸಾಮಿ, ಬದ್ಕಿದ್ದೀಯಾ?”

“ಟಿವಿ ಎಲ್ಲೈತೆ?” ಎಂದರು ಮಾವ.

ಅಷ್ಟೇ. ನಾನು ದಾರಿಯುದ್ದಕ್ಕೂ ಸಿದ್ಧಪಡಿಸಿಕೊಂಡಿದ್ದ ಸಂಧಾನ ಭಾಷಣ ಯಾರಿಗೂ ಬೇಕಾಗಲಿಲ್ಲ. ವೆಂಕಟಯ್ಯ ಎದ್ದು ದಾರಿ ಬಿಟ್ಟರು.

ಇಬ್ಬರೂ ಚಾಪೆಯ ಮೇಲೆ ಕೂತರು. ಪರದೆಯ ಮೇಲೆ ಇಬ್ಬರು ಸಿಪಾಯಿಗಳು ಕಾಡಿಗೆ ಧುಮುಕಿದರು. ಧುಮುಕಿದವರು ಅಲ್ಲೇ ನಿಂತರು.

“ನೀನ್ ಮುಂದಕ್ ಓಗ್ಲಾ,” ಎಂದರು ವೆಂಕಟಯ್ಯ.

“ನೀನ್ ಬಾ ಮೊದ್ಲು. ನೀನ್ ಬಂದ್ರೆ ಬತ್ತೀನಿ.”

“ನಾನೂ ನಿನ್ನೇ ಕಾಯ್ತಾ ಇವ್ನಿ ಕಣ್ಲಾ.”

ಹೀಗೆ ಒಬ್ಬರನ್ನೊಬ್ಬರು ಕಾಯುತ್ತಿರುವಾಗಲೇ ಎಡಬಲದಿಂದ ಬಂದ ಶತ್ರುಗಳು ಇಬ್ಬರನ್ನೂ ಒಟ್ಟಿಗೇ ಕೊಂದರು. ಮುದುಕರಿಬ್ಬರೂ ಬಿದ್ದು ಬಿದ್ದು ನಕ್ಕರು. ನಗುತ್ತ ನಗುತ್ತ ಮಾವನವರ ನಗು ಅಳುವಾಯಿತು. ಅತ್ತೆ ಹೋದ ದಿನವೂ ಅತ್ತಿರದ ಮನುಷ್ಯ ರಿಮೋಟನ್ನು ಎದೆಗೊತ್ತಿಕೊಂಡು ಬಿಕ್ಕಿದರು. ವೆಂಕಟಯ್ಯ ಒಂದು ಕೈಯನ್ನು ಗೆಳೆಯನ ಬೆನ್ನ ಮೇಲಿಟ್ಟು, ಇನ್ನೊಂದು ಕೈಯಿಂದ ಆಟವನ್ನು ಮತ್ತೆ ಶುರುಮಾಡಿದರು.

ಯಂತ್ರ ಅಲ್ಲೇ ಉಳಿಯಿತು. ಈಗ ಮಾವ ಬೆಳಗಿನ ತಿಂಡಿ ಮುಗಿಸಿ, ಪಾಳಿಗೆ ಹೊರಟವರಂತೆ ಊಟದ ಡಬ್ಬಿ ಹಿಡಿದು ಬಸ್ಸು ಹತ್ತುತ್ತಾರೆ, ಸಂಜೆಗೆ ಮರಳುತ್ತಾರೆ. ಲೋಕದಾದ್ಯಂತ ಮಾರಾಟವಾದ ಆ ಆಟದಲ್ಲಿ ಅವರಿಬ್ಬರೂ ಇನ್ನೂ ಮೊದಲನೆಯ ಸೇತುವೆಯನ್ನೇ ದಾಟಿಲ್ಲ. ಮೊನ್ನೆ ರಜೆಯ ದಿನ ನಾನೂ ಜೊತೆಗೆ ಹೋಗಿ, ಒಂದು ಕೈ ನನಗೂ ಕೊಡುತ್ತೀರಾ ಎಂದು ಸಂಕೋಚದಿಂದ ಕೇಳಿದೆ. ಇಬ್ಬರೂ ಮುಖ ಮುಖ ನೋಡಿಕೊಂಡರು.

“ಆ ಕಡೆ ಕೂತ್ಕೋ ಮಾಪ್ಳೆ,” ಎಂದರು ಮಾವ, “ಮೊದ್ಲು ನೋಡಿ ಕಲ್ತ್ಕೋ.”

ಗೋಡೆಗೆ ಒರಗಿ ಕೂತೆ. ಪರದೆಯ ಎಡ ಅಂಚಿನಲ್ಲಿ ಇಬ್ಬರು ಸಿಪಾಯಿಗಳು ಅಕ್ಕಪಕ್ಕ ನಿಂತಿದ್ದರು.