ಎದ್ದ ಮೇಲೆ ಹೇಳಿ

ನಿದ್ದೆ ಬರಿಸುವುದು ಅವಳ ಕಸುಬು, ನಿದ್ದೆಗೆಡುವುದು ಅವಳ ಹಣೆಬರಹ. ಅರಿವಳಿಕೆ ತಜ್ಞೆ ಎಂದು ಬಾಯಿ ತುಂಬ ಕರೆದವರು ಕಡಿಮೆ. ಸಣ್ಣಪುಟ್ಟ ನರ್ಸಿಂಗ್ ಹೋಮುಗಳಲ್ಲಿ ಅವಳು ಬರೀ ‘ನಿದ್ದೆ ಡಾಕ್ಟ್ರು’. ಬೆಳಿಗ್ಗೆ ಒಂದು ಕಡೆ ಹೆರಿಗೆ, ಮಧ್ಯಾಹ್ನ ಇನ್ನೊಂದು ಕಡೆ ಹರ್ನಿಯಾ, ಸಂಜೆ ಮತ್ತೆಲ್ಲೋ ಮುರಿದ ಕಾಲು. ಸ್ಕೂಟರಿನ ಡಿಕ್ಕಿಯಲ್ಲಿ ಔಷಧಿ ಪೆಟ್ಟಿಗೆ, ಅದರ ಮೇಲೆ ತಣ್ಣಗಾದ ಊಟದ ಡಬ್ಬಿ. ಆಪರೇಷನ್ ಚೆನ್ನಾಗಿ ಆದರೆ ಹೊಗಳಿಕೆಯೆಲ್ಲ ಸರ್ಜನ್ನಿಗೆ, ರೋಗಿ ಏಳುವುದು ಸ್ವಲ್ಪ ತಡವಾದರೆ ಬೈಗುಳವೆಲ್ಲ ಇವಳಿಗೆ. ಹೀಗೇ ತಲೆಗೂದಲು ನರೆಯುವವರೆಗೆ ನಡೆದಿತ್ತು.

ನೆಮ್ಮದಿಯಾಗಿಯೇ ಇದ್ದವಳನ್ನು ಕೆಡಿಸಿದವನು ಒಬ್ಬ ಮುದುಕ. ಬಾಯಿಯ ಕ್ಯಾನ್ಸರ್. ದವಡೆ ಒಂದು ಬೆರಳೂ ತೂರದಷ್ಟು ಬಿಗಿದುಕೊಂಡಿತ್ತು. ಅಂಥವರಿಗೆ ನಿದ್ದೆ ಕೊಟ್ಟರೆ ಉಸಿರಿನ ದಾರಿ ಮುಚ್ಚಿಹೋಗಬಹುದು, ಬಾಯಿಯ ಮೂಲಕ ಟ್ಯೂಬು ಹಾಕಲು ಜಾಗವೇ ಇರುವುದಿಲ್ಲ. “ನನ್ನ ಕೈಲಾಗಲ್ಲ, ದೊಡ್ಡಾಸ್ಪತ್ರೆಗೆ ಹೋಗಿ” ಎಂದು ವಾಪಸು ಕಳಿಸಿದಳು. ಅದು ಸರಿಯಾದ ಮಾತೇ. ಆದರೆ ಮುದುಕ ಚಪ್ಪಲಿ ಮೆಟ್ಟಿಕೊಳ್ಳುತ್ತ, “ಎಲ್ರೂ ಹಿಂಗೇ ಅಂತಾರೆ ಬಿಡಮ್ಮ” ಎಂದುಬಿಟ್ಟ. ಬೈದಿದ್ದರೆ ಮರೆತುಬಿಡುತ್ತಿದ್ದಳು. ಅವನು ಬೈಯಲಿಲ್ಲ ನೋಡಿ, ಅದೇ ಚುಚ್ಚಿತು.

ಕ್ಯಾನ್ಸರ್ ಆಸ್ಪತ್ರೆಯಲ್ಲಿ ಒಂದು ವರ್ಷದ ಫೆಲೋಶಿಪ್ಪಿಗೆ ಅರ್ಜಿ ಹಾಕಿದಳು. ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ರೋಗಿಗಳಿಗೆ ಅರಿವಳಿಕೆ ಕೊಡುವುದು, ಅವರ ನೋವು ನೋಡಿಕೊಳ್ಳುವುದು, ಇದಕ್ಕೆಂದೇ ಇರುವ ತರಬೇತಿ. ಸಿಕ್ಕಿಬಿಟ್ಟಿತು. “ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನೇ?” ಎಂದು ಅತ್ತೆ ನಕ್ಕರು. ಹತ್ತನೇ ಕ್ಲಾಸಿನ ಮಗಳು, “ನನ್ ಪರೀಕ್ಷೆ ವರ್ಷವೇ ಬೇಕಿತ್ತಾ ನಿಂಗೂ ಪರೀಕ್ಷೆ?” ಎಂದು ಮೂತಿ ಉದ್ದ ಮಾಡಿದಳು. ಗಂಡ ಅಡಿಗೆಮನೆಗೆ ಹೋಗಿ ಪಾತ್ರೆ ತೊಳೆಯಲು ನಿಂತ. ಆ ಮನುಷ್ಯನ ಒಪ್ಪಿಗೆ ಯಾವಾಗಲೂ ಹಾಗೇ.

ಆಸ್ಪತ್ರೆಯಲ್ಲಿ ಜೊತೆಗೆ ಕಲಿಯುವವರೆಲ್ಲ ಚಿಕ್ಕ ವಯಸ್ಸಿನವರು. ಮೊದಲ ದಿನವೇ ‘ಅಕ್ಕ’ ಎಂದರು, ಅದೇ ಹೆಸರಾಗಿ ಉಳಿಯಿತು. ವಿಭಾಗದ ಮುಖ್ಯಸ್ಥರಿಗೆ ಬೆನ್ನ ಹಿಂದೆ ‘ತಾತ’ ಎಂದು ಅಡ್ಡಹೆಸರು. ಮೊಮ್ಮಕ್ಕಳಿರಲಿ, ಅವರಿಗೆ ಮದುವೆಯೇ ಆಗಿರಲಿಲ್ಲ. ತಾತ ಗದರುವವರಲ್ಲ. ತಪ್ಪು ಮಾಡಿದರೆ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು, ಅಷ್ಟೇ. ಅಕ್ಕನ ಮೊದಲ ತಿಂಗಳುಗಳಲ್ಲಿ ಆ ಕನ್ನಡಕ ಸವೆದುಹೋಗುವಷ್ಟು ಒರೆಸಿಸಿಕೊಂಡಿತು.

ಇಲ್ಲಿಯ ಆಪರೇಷನ್ನುಗಳು ಬೆಳಿಗ್ಗೆ ಶುರುವಾದರೆ ಹೊತ್ತು ಮುಳುಗಿದರೂ ಮುಗಿಯುತ್ತಿರಲಿಲ್ಲ. ಸರ್ಜನ್ನುಗಳು ಸರದಿಯಲ್ಲಿ ಹೋಗಿ ಕಾಫಿ ಕುಡಿದು ಬರುತ್ತಿದ್ದರು. ಅಕ್ಕ ರೋಗಿಯ ತಲೆಯ ಬಳಿ ಸ್ಟೂಲಿನ ಮೇಲೆ ಕೂತು ರಕ್ತ ಎಷ್ಟು ಹೋಯಿತು, ಮೂತ್ರ ಎಷ್ಟು ಬಂತು, ಮೈ ತಣ್ಣಗಾಯಿತೇ ಎಂದು ನೋಡುತ್ತಲೇ ಇರಬೇಕು. ಕಾಲು ಬಾತು ಶೂ ಬಿಗಿಯಾಗುತ್ತಿತ್ತು. ಮನೆಗೆ ಬಂದರೆ ಮಗಳು ಕೇಳಿದ ಪ್ರಶ್ನೆಗೆ ಉತ್ತರ ಹೇಳುವಷ್ಟರಲ್ಲಿ ಪ್ರಶ್ನೆಯೇ ಮರೆತುಹೋಗಿರುತ್ತಿತ್ತು. ಸುಸ್ತು ಅನ್ನುವುದು ಅವಳಿಗೆ ಬಂದು ಹೋಗುವ ನೆಂಟನಾಗಿರಲಿಲ್ಲ, ಮನೆ ಅಳಿಯನಾಗಿ ಕೂತುಬಿಟ್ಟಿತ್ತು.

ಅವಳು ಕಲಿಯಲು ಬಂದ ಮುಖ್ಯ ವಿದ್ಯೆ ಒಂದೇ. ಬಾಯಿ ತೆರೆಯದ ರೋಗಿ ಎಚ್ಚರವಾಗಿದ್ದಾಗಲೇ, ಮೂಗು ಗಂಟಲು ಮರಗಟ್ಟಿಸಿ, ತುದಿಯಲ್ಲಿ ದೀಪ, ಕ್ಯಾಮೆರಾ ಇರುವ ಬಳುಕುವ ನಳಿಗೆಯನ್ನು ಮೂಗಿನಿಂದ ಇಳಿಸಿ, ಅದರ ಮೇಲೆ ಉಸಿರಿನ ಟ್ಯೂಬು ಜಾರಿಸುವುದು. ಆಮೇಲಷ್ಟೇ ನಿದ್ದೆ. ಟ್ಯೂಬು ಸರಿಯಾದ ಜಾಗಕ್ಕೆ ಹೋಯಿತೇ ಎಂದು ತಿಳಿಯಲು ಯಂತ್ರಗಳಿವೆ. ಆದರೆ ತಾತ ಹಳೆಯ ಉಪಾಯವನ್ನೂ ಬಿಟ್ಟವರಲ್ಲ. “ರೋಗೀನ ಮಾತಾಡಿಸು. ದನಿ ಬಂದ್ರೆ ನೀನು ತಪ್ಪು ದಾರೀಲಿದ್ದೀಯ. ತುಟಿ ಆಡಿ ದನಿ ಬರ್ಲಿಲ್ಲ ಅಂದ್ರೆ, ಗೆದ್ದೆ” ಎನ್ನುತ್ತಿದ್ದರು. ಟ್ಯೂಬು ಧ್ವನಿಪೆಟ್ಟಿಗೆಯ ನಡುವೆ ಕೂತ ಮೇಲೆ ದನಿ ಎಲ್ಲಿಂದ ಬರಬೇಕು?

ತಾತನ ಕೈ ಇಲ್ಲದೆ, ತಾನೊಬ್ಬಳೇ ಅದನ್ನು ಮಾಡುವ ದಿನ ಅವಳಿಗೆ ಸಿಕ್ಕ ರೋಗಿ ಒಬ್ಬ ಕಟಿಂಗ್ ಶಾಪಿನವನು.

ಹಿಂದಿನ ದಿನ ವಾರ್ಡಿನಲ್ಲಿ ನೋಡಲು ಹೋದಾಗಲೇ ಆಸಾಮಿ ಮಾತಿನ ಮಲ್ಲ ಎಂದು ಗೊತ್ತಾಯಿತು. ದವಡೆ ಬಿಗಿದಿದೆ, ನಾಲಿಗೆ ತುಂಬ ಹುಣ್ಣು, ಆದರೂ ಹಲ್ಲಿನ ಸಂದಿಯಿಂದಲೇ ಮಾತು ಸುರಿಯುತ್ತಿತ್ತು. “ಡಾಕ್ಟ್ರಮ್ಮ, ನೀವೂ ನಾನೂ ಒಂದೇ ಕಸುಬಿನೋರು. ಇಬ್ರೂ ತಲೆ ಹಿಂದೆ ನಿಲ್ಲೋರು!” ಎಂದ. ಅಕ್ಕನಿಗೆ ನಗು ಬಂತು. ಪಕ್ಕದಲ್ಲಿದ್ದ ಹೆಂಡತಿ ನಗಲಿಲ್ಲ. ಒದ್ದೆ ಬಟ್ಟೆಯಿಂದ ಗಂಡನ ಬಾಯಂಚು ಒರೆಸುತ್ತ, “ಇವ್ರಿಗೆ ಆಪರೇಷನ್ ಬೇಡ್ವಂತೆ. ನಾನೇ ಹಟ ಮಾಡಿ ಕರ್ಕೊಂಬಂದೆ. ಸೈನ್ ಹಾಕೋವರ್ಗೂ ಊಟ ಬಿಟ್ಟೆ” ಎಂದಳು. ಗಂಡ ಕಣ್ಣು ಹೊಡೆದು, “ಹೆಂಡ್ತಿ ಉಪವಾಸ ಬಿದ್ರೆ ಗಂಡ ನಾಲಿಗೆ ಕೊಡ್ಬೇಕಾಗತ್ತೆ” ಎಂದ. ಪೂರ್ತಿ ನಾಲಿಗೆ ತೆಗೆಯಬೇಕೆಂದು ಸರ್ಜನ್ನು ಮೊದಲೇ ಹೇಳಿದ್ದರು. ನಗಿಸುವವನ ಹೆದರಿಕೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅಕ್ಕನ ಕಣ್ಣಿಗೂ ಬೀಳಲಿಲ್ಲ.

ಮರುದಿನ ಆಪರೇಷನ್ ಕೋಣೆಯಲ್ಲಿ ಎಲ್ಲ ಸಿದ್ಧವಾಗಿತ್ತು. ಬಾಗಿಲ ಬಳಿ ತಾತ ಕೈ ಕಟ್ಟಿ ನಿಂತಿದ್ದರು. ಅಕ್ಕ ತಲೆಯ ಹಿಂದೆ ನಿಂತು ಮೂಗಿಗೆ ಮರಗಟ್ಟುವ ಔಷಧಿ ಬಿಟ್ಟಳು, ಗಂಟಲಿಗೆ ಸಿಂಪಡಿಸಿದಳು. ಅವನು ಕೆಮ್ಮಿದ. ಕೈ ಎತ್ತಿದ. “ಡಾಕ್ಟ್ರಮ್ಮ, ಒಂದ್ ಮಾತು…” ಎಂದ.

“ಈಗ ಮಾತಾಡ್ಬೇಡಿ. ಎದ್ದ ಮೇಲೆ ಹೇಳಿ” ಎಂದಳು ಅಕ್ಕ.

ಅದು ಅವಳ ಬಾಯಿಪಾಠದ ಮಾತು. ಹೆರಿಗೆಯವರಿಗೆ, ಹರ್ನಿಯಾದವರಿಗೆ, ಹೆದರಿದವರಿಗೆ, ಹರಟುವವರಿಗೆ ಎಲ್ಲರಿಗೂ ಅದೇ ಹೇಳಿಕೊಂಡು ಬಂದಿದ್ದಳು. ಅವರೆಲ್ಲ ಎದ್ದಿದ್ದರು, ಹೇಳಬೇಕಾದ್ದನ್ನು ಹೇಳಿಯೂ ಇದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಈ ಮಾತು ಹೋದದ್ದು ಅವಳ ಅರಿವಿಗೇ ಬರಲಿಲ್ಲ, ಕಣ್ಣು ಪರದೆಯ ಮೇಲಿತ್ತು. ಮೂಗಿನ ಕೆಂಪು ಸುರಂಗ, ಊದಿದ ಗಂಟಲು, ಕೊನೆಗೆ ಬೆಳ್ಳಗೆ ಮಿನುಗುವ ಎರಡು ಧ್ವನಿತಂತುಗಳು. ನಳಿಗೆ ದಾಟಿತು. ಟ್ಯೂಬು ಜಾರಿತು.

“ಈಗ ಏನಾದ್ರೂ ಹೇಳಿ ನೋಡೋಣ!” ಎಂದಳು.

ಅವನ ತುಟಿಗಳು ಆಡಿದವು. ದನಿ ಬರಲಿಲ್ಲ. ಯಂತ್ರದಲ್ಲಿ ಉಸಿರಿನ ಅಲೆಗಳು ಸಾಲಾಗಿ ಎದ್ದವು. ಗೆದ್ದೆ! ಎಂದು ಅವಳ ಎದೆ ಕುಣಿಯಿತು. ನಿದ್ದೆಯ ಔಷಧಿ ಕೊಟ್ಟಳು. ನರ್ಸು ಬೆನ್ನು ತಟ್ಟಿದಳು. ತಾತ ಕನ್ನಡಕ ಒರೆಸಿಕೊಳ್ಳಲಿಲ್ಲ, ತಲೆಯಾಡಿಸಿ ಪಕ್ಕದ ಕೋಣೆಗೆ ಹೋದರು. ಎಷ್ಟು ಕಾಲವಾಗಿತ್ತೋ ಒಬ್ಬರು ಅವಳಿಗೆ ಹಾಗೆ ತಲೆಯಾಡಿಸಿ.

ಸರ್ಜನ್ನು ಬಂದು ಕುತ್ತಿಗೆಯ ಮೇಲೆ ಪೆನ್ನಿನಿಂದ ಗೆರೆ ಎಳೆಯತೊಡಗಿದರು. “ನಾಲಿಗೆ ಏನೂ ಉಳಿಯಲ್ಲ, ಆ ಜಾಗ ತುಂಬೋಕೆ ತೊಡೆಯಿಂದ ದೊಡ್ಡ ತುಂಡೇ ಬೇಕು” ಎಂದು ಸಹಾಯಕನಿಗೆ ಹೇಳಿದರು. ಆಗ ಅಕ್ಕನಿಗೆ ತನ್ನ ಮಾತು ತನಗೇ ಕೇಳಿಸಿತು. ಎದ್ದ ಮೇಲೆ ಏನು ಹೇಳುತ್ತಾನೆ? ಯಾವುದರಿಂದ ಹೇಳುತ್ತಾನೆ?

ಇನ್ನೊಂದೂ ನೆನಪಾಯಿತು. ಟ್ಯೂಬು ಇಳಿದ ಮೇಲೆ, ಹೇಳಿ ಎಂದಾಗ, ಅವನು ಹೇಳಿದ್ದ. ಏನೋ ಒಂದು ಪುಟ್ಟ ಮಾತು. ತುಟಿಗಳು ಒಂದಕ್ಕೊಂದು ಕೂಡಿ, ತೆರೆದು, ಹಾಗೇ ನಿಂತಿದ್ದವು. ಅವಳು ತಲೆಯ ಹಿಂದಿದ್ದಳು, ತುಟಿ ತಲೆಕೆಳಗಾಗಿ ಕಂಡಿತ್ತು. ತನ್ನ ತುಟಿಯಲ್ಲೇ ಆ ಆಕಾರ ಮಾಡಿ ನೋಡಿದಳು. ಮಾಸ್ಕಿನ ಒಳಗೆ ಹುಟ್ಟಿದ ಮಾತು: ‘ಬೇಡ.’

ಇನ್ನೂ ಚಾಕು ಮುಟ್ಟಿರಲಿಲ್ಲ. ನಾಲಿಗೆಗೊಂದು, ತೊಡೆಗೊಂದು ಎಂದು ಎರಡು ತಂಡಗಳು ಕೈತೊಳೆದು ನಿಂತಿದ್ದವು. ಒಂದು ನಿಮಿಷ ನಿಲ್ಲಿಸಿ ಎಂದಿದ್ದರೆ ನಿಲ್ಲುತ್ತಿತ್ತು. ತಾತ ಗೋಡೆಯಾಚೆಗೇ ಇದ್ದರು. ಆದರೆ ಅವಳೊಳಗೆ ನೂರು ಸಮಜಾಯಿಷಿಗಳು ಎದ್ದವು. ಸೈನ್ ಹಾಕಿದ್ದಾನೆ. ‘ಭಯ’ ಅಂದಿರಬಹುದು. ‘ಬಾಯಿ’ ಅಂದಿರಬಹುದು. ಎಬ್ಬಿಸಿ ಟ್ಯೂಬು ತೆಗೆದರೆ ಉಸಿರು ಹೋದೀತು. ಇವೆಲ್ಲ ನಿಜವೇ. ಇವುಗಳ ಕೆಳಗೆ ಇನ್ನೊಂದು ನಿಜವಿತ್ತು: ಅವಳಿಗೆ ಸಾಕಾಗಿತ್ತು. ಮತ್ತೆ ವಾದ, ಮತ್ತೆ ಕಾಯುವುದು, ಸಿಕ್ಕ ಒಂದೇ ಒಂದು ಶಹಬ್ಬಾಸನ್ನು ಕೈಯಾರೆ ಕೊಡವಿಕೊಳ್ಳುವುದು, ಇಷ್ಟಕ್ಕೆಲ್ಲ ಅವಳಲ್ಲಿ ಶಕ್ತಿ ಇರಲಿಲ್ಲ. ಬಾಯಿಗೆ ಬಂದದ್ದನ್ನು ನುಂಗಿಕೊಂಡಳು.

“ಶುರು ಮಾಡ್ಬಹುದಾ?” ಸರ್ಜನ್ನು ಕೇಳಿದರು.

“ಮಾಡಿ” ಎಂದಳು.

ಕ್ಯಾನ್ಸರ್ ಗಡ್ಡೆ ಪೂರ್ತಿ ಹೊರಬಂದಿತ್ತು, ಹಾಕಿದ ತೊಡೆಯ ಮಾಂಸಕ್ಕೆ ರಕ್ತ ಹರಿಯಿತು, ಕುತ್ತಿಗೆಯಲ್ಲಿ ಉಸಿರಿಗೊಂದು ತೂತು ಇಟ್ಟು ಐಸಿಯುಗೆ ಕಳಿಸಿದರು. ಎಲ್ಲರ ಲೆಕ್ಕದಲ್ಲೂ ಒಳ್ಳೆಯ ದಿನ. ಅಕ್ಕ ಮನೆಗೆ ಹೋಗಿ ಸ್ಟೂಲಿನ ಮೇಲೆ ಕೂತ ಹಾಗೇ ಮಂಚದ ಮೇಲೆ ಕೂತಳು. ಮಗಳು ಬಂದು, “ಅಮ್ಮ, ಒಂದ್ ಮಾತು” ಎಂದಾಗ ಬೆಚ್ಚಿ, “ಹೇಳು, ಈಗ್ಲೇ ಹೇಳು” ಎಂದು ಅವಳ ಎರಡೂ ಕೈ ಹಿಡಿದುಕೊಂಡಳು. ಮಗಳಿಗೆ ಬೇಕಾಗಿದ್ದದ್ದು ಒಂದು ಜಾಮಿಟ್ರಿ ಬಾಕ್ಸು.

ಕೆಲವು ದಿನ ಬಿಟ್ಟು ತಾತನ ಕೋಣೆಗೆ ಹೋಗಿ ಎಲ್ಲ ಒಪ್ಪಿಸಿದಳು. ಚಾಕು ಮುಟ್ಟುವ ಮೊದಲೇ ನೆನಪಾಗಿತ್ತು ಎಂಬುದನ್ನೂ ಮುಚ್ಚಿಡಲಿಲ್ಲ. ತಾತ ಕನ್ನಡಕ ತೆಗೆದರು, ಒರೆಸಲಿಲ್ಲ, ಮೇಜಿನ ಮೇಲಿಟ್ಟರು.

“ನಿಲ್ಲಿಸ್ಬೇಕಿತ್ತು. ನನ್ನ ಕರೀಬೇಕಿತ್ತು” ಎಂದರು. ಆಮೇಲೆ, “ಅವನನ್ನ ಕೇಳ್ತೀಯಾ?” ಎಂದರು.

“ಕೇಳ್ಬೇಕು ಸರ್.”

“ಹೌದು ಅಂದ್ರೆ ಏನ್ ಮಾಡ್ತೀಯ? ನಾಲಿಗೆ ವಾಪಸ್ ಕೊಡ್ತೀಯಾ? ನಂಗೂ ಹಿಂಗೇ ಒಬ್ಬ ರೋಗೀನ ಕೇಳೋದಿತ್ತಮ್ಮ. ಕೇಳ್ಲಿಲ್ಲ. ಈಗ್ಲೂ ಕೇಳ್ಬೇಕಿತ್ತೋ ಬೇಡ್ವಾಗಿತ್ತೋ ಗೊತ್ತಾಗಿಲ್ಲ.”

ಅಕ್ಕ ವಾರ್ಡಿಗೆ ಹೋದದ್ದು ಮಧ್ಯಾಹ್ನದ ಭೇಟಿಯ ಹೊತ್ತಿನಲ್ಲಿ. ಕಟಿಂಗ್ ಶಾಪಿನವನು ದಿಂಬಿಗೆ ಒರಗಿ ಕೂತಿದ್ದ. ಮುಖದ ಬಾವು ಇಳಿದಿತ್ತು. ಬಾಯಿಂದ ಜೊಲ್ಲು ತಾನಾಗಿ ಇಳಿಯುತ್ತಿತ್ತು, ಹೆಂಡತಿ ಪಕ್ಕದಲ್ಲಿ ಕೂತು ಒರೆಸುತ್ತಲೇ ಇದ್ದಳು. ಅಕ್ಕನನ್ನು ಕಂಡು ಅವನು ಬೆರಳಿನಿಂದ ತನ್ನ ತಲೆ, ಅವಳ ತಲೆ ತೋರಿಸಿ, ನಾವಿಬ್ಬರೂ ಒಂದೇ ಎಂಬಂತೆ ಕೈಯಾಡಿಸಿದ. ಅವಳು ಈ ಸಲ ಹಿಂದೆ ನಿಲ್ಲಲಿಲ್ಲ, ಎದುರಿಗೆ ಬಂದು ನಿಂತಳು.

“ಆವತ್ತು ನೀವು ಒಂದ್ ಮಾತು ಅಂದ್ರಿ. ನಾನು ಎದ್ದ ಮೇಲೆ ಹೇಳಿ ಅಂದೆ. ಹಾಗನ್ನಬಾರ್ದಿತ್ತು, ತಪ್ಪು ನಂದು. ಟ್ಯೂಬ್ ಹಾಕಿದ ಮೇಲೆ ನಿಮ್ ತುಟಿ ಆಡ್ತು. ಬೇಡ ಅಂದಿರಬಹುದು ಅಂತ ಅನ್ನಿಸ್ತು. ಅನ್ನಿಸಿದ್ರೂ ನಾನು ಆಪರೇಷನ್ ನಿಲ್ಲಿಸ್ಲಿಲ್ಲ.” ಅವಳು ಅವನ ತುಟಿಯನ್ನೇ ನೋಡಿದಳು. “ಬೇಡ ಅಂದ್ರಾ?”

ಅವನು ಅವಳನ್ನು ನೋಡಿದ. ಆಮೇಲೆ ಹೆಂಡತಿಯನ್ನು ನೋಡಿದ. ಆಮೇಲೆ ಒಂದೇ ಸಲ, ನಿಧಾನವಾಗಿ, ತಲೆಯಾಡಿಸಿದ. ಹೌದು.

ಹೆಂಡತಿಯ ಕೈ ನಿಂತಿತು. ಬೇಗನೆ ನಗು ತಂದುಕೊಂಡು, “ಅಯ್ಯೋ, ಅದಕ್ಯಾಕ್ ಡಾಕ್ಟ್ರಮ್ಮ ಮುಖ ಹಾಗ್ ಮಾಡ್ಕೋತೀರ? ಇವ್ರ ಅಂಗಡೀಲಿ ಚಿಕ್ಕ ಮಕ್ಳೆಲ್ಲ ಬೇಡ ಬೇಡ ಅಂತಾನೇ ಕಿರಚೋದು. ಇವ್ರು ಕತ್ತರಿ ನಿಲ್ಲಿಸ್ತಿದ್ರಾ?” ಎಂದಳು.

“ಕೂದ್ಲು ಮತ್ತೆ ಬೆಳಿಯತ್ತಮ್ಮ” ಎಂದಳು ಅಕ್ಕ.

ಅವನ ಕುತ್ತಿಗೆಯ ತೂತಿನಿಂದ ಉಸಿರು ಸುಯ್ಯೆಂದು ಬಂದು ಹೋಗುತ್ತಿತ್ತು. ಹೆಂಡತಿ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದಳು, ಬಿಚ್ಚಿದಳು. ಅವಳ ದನಿ ಈಗ ಬೇರೆಯಾಗಿತ್ತು.

“ಆವತ್ತು ಇವ್ರು ಅಂದಿದ್ದು ನಿಮ್ಗೆ ಸರಿಯಾಗಿ ಕೇಳ್ಸಿದ್ರೆ, ನಿಲ್ಲಿಸ್ತಿದ್ರಾ?”

“ನಿಲ್ಲಿಸ್ಲೇಬೇಕಿತ್ತು.”

“ಹಾಗಾದ್ರೆ ಕೇಳಿಸ್ದೇ ಇದ್ದಿದ್ದೇ ಒಳ್ಳೇದಾಯ್ತು” ಎಂದಳು ಹೆಂಡತಿ. “ನಂಗೆ ಇವ್ರು ಬೇಕಿತ್ತು.”

ಹೇಳಿ, ಅವನ ಗಲ್ಲದ ಮೇಲೆ ಇಳಿಯುತ್ತಿದ್ದ ಜೊಲ್ಲನ್ನು ಒರೆಸಲು ಕೈ ಚಾಚಿದಳು. ಅವನು ಆ ಕೈಯನ್ನು ಹಿಡಿದು ನಿಲ್ಲಿಸಿದ. ಬಟ್ಟೆಯನ್ನು ಅವಳ ಬೆರಳುಗಳಿಂದ ಬಿಡಿಸಿಕೊಂಡು, ತನ್ನ ಬಾಯಿಯನ್ನು ತಾನೇ ಒರೆಸಿಕೊಂಡ.